ಒಂದನೇ ಸ್ಥಾನದಲ್ಲಿ ಕಡಬ

ಪುತ್ತೂರು, ಲೇಡೀಸ್ ಹಾಸ್ಟೆಲ್
8 ನವೆಂಬರ್ 2025, ಶನಿವಾರ

ಪ್ರೀತಿಯ ಅಮ್ಮು ಅಕ್ಕನಿಗೆ,

ಇಲ್ಲಿ ಫಸ್ಟ್ ಇಯರಿನವರ ಮೊಬೈಲನ್ನು ವಾರ್ಡನ್ ಕಪಾಟಿನಲ್ಲಿಟ್ಟು ಬೀಗ ಹಾಕುತ್ತಾರೆ. ಶನಿವಾರ ಸಂಜೆ ಸ್ವಲ್ಪ ಹೊತ್ತು ಮಾತ್ರ ಕೈಗೆ ಸಿಗುತ್ತದೆ. ಲ್ಯಾಪ್‌ಟಾಪಿಗೆ ಅಡ್ಡಿ ಇಲ್ಲ, ಹಾಗಾಗಿ ಮೇಲ್ ಬರೆಯುತ್ತಿದ್ದೇನೆ. ಐದನೇ ಕ್ಲಾಸಿನಿಂದ ಪಿಯುಸಿವರೆಗೆ ಸುಳ್ಯದ ಹಾಸ್ಟೆಲಿನಲ್ಲಿ ನಿಮ್ಮ ಕಣ್ಣೆದುರು ಬೆಳೆದವಳಿಗೆ ಹಾಸ್ಟೆಲ್ ಎಂಬುದು ಹೊಸತಲ್ಲ. ಆದರೆ ಇಲ್ಲಿ ಹೊಟ್ಟೆನೋವು ಅಂತ ಹೇಳಿದರೆ ನಿಜವಾ ಸುಳ್ಳಾ ಅಂತ ಮುಖ ನೋಡಿ ತಿಳಿಯುವ ನಿಮ್ಮಂಥ ಮೇಟ್ರನ್ ಇಲ್ಲ. ಮ್ಯಾಥ್ಸ್ ಇಂಟರ್ನಲ್ಸ್ ಕೆಟ್ಟುಹೋಗಿದೆ. ಎಲ್ಲರೂ ಚೆನ್ನಾಗಿದ್ದಾರೆ, ನಾನು ಮಾತ್ರ ಯಾವಾಗ ಸಿಕ್ಕಿಬೀಳುತ್ತೇನೋ ಅಂತ ಟೆನ್ಷನ್. ಎಂತಕ್ಕೆ ಸಿಕ್ಕಿಬೀಳುವುದು ಅಂತ ಕೇಳಬೇಡಿ, ನನಗೂ ಗೊತ್ತಿಲ್ಲ.

ಒಂದು ಒಳ್ಳೆಯ ಸುದ್ದಿ ಉಂಟು. ಕಬೀರ್ ಅಂತ ಥರ್ಡ್ ಇಯರ್ ಸೀನಿಯರ್ ಒಬ್ಬರು ಟೆಕ್ ಫೆಸ್ಟಿಗೆ ಅವರ ಟೀಮಿಗೆ ನನ್ನನ್ನು ಸೇರಿಸಿದ್ದಾರೆ. ನಾವು ಒಂದು ಟೂಲ್ ಮಾಡುತ್ತಿದ್ದೇವೆ. ದೊಡ್ಡ ಕಂಪೆನಿಗಳು, "ನಮ್ಮ ಸಾಫ್ಟ್‌ವೇರಿನಲ್ಲಿ ಎಲ್ಲಿಯಾದರೂ ಕಳ್ಳರು ನುಗ್ಗುವಂಥ ತೂತು ಕಂಡರೆ ಮೊದಲು ನಮಗೇ ಹೇಳಿ, ಬಹುಮಾನ ಕೊಡುತ್ತೇವೆ" ಅಂತ ಪ್ರಕಟಣೆ ಹಾಕುತ್ತವೆ. ಬಗ್ ಬೌಂಟಿ ಅಂತ ಹೆಸರು. ಮೊದಲು ಮನುಷ್ಯರು ಹುಡುಕುತ್ತಿದ್ದರು. ಈಗ ಎಐ ಏಜೆಂಟ್‌ಗಳು, ಅಂದರೆ ತಾವೇ ಹೋಗಿ ಹುಡುಕಿ ಬರುವ ಪ್ರೋಗ್ರಾಮ್‌ಗಳು, ಹುಡುಕುತ್ತವೆ. ಇಷ್ಟೊಂದು ಕಂಪೆನಿಗಳಲ್ಲಿ ಯಾವುದಕ್ಕೆ ಮೊದಲು ಹೋಗುವುದು ಅಂತ ಅವಕ್ಕೆ ತಿಳಿಯುವುದಿಲ್ಲ. ನಮ್ಮ ಟೂಲ್ ಅವಕ್ಕೆ ರ‍್ಯಾಂಕ್ ಹಾಕಿ ಕೊಡುತ್ತದೆ. ಯಾರು ಬೇಗ ಉತ್ತರಿಸುತ್ತಾರೆ, ಯಾರು ಮರ್ಯಾದೆಯಲ್ಲಿ ಮಾತಾಡುತ್ತಾರೆ ಅಂತ ನೋಡಿ ಅಂಕ. ಆ ಅಂಕದ ಐಡಿಯಾ ನನ್ನದು. ಕಬೀರಣ್ಣ ಎಲ್ಲರ ಎದುರು ಹೇಳಿದರು, ಇದು ಯಶಸ್ವಿಯ ತಲೆ ಅಂತ.

ಟೆಸ್ಟ್ ಮಾಡಲು ಗೊತ್ತಿರುವವರದ್ದೇ ಒಂದು ಸಣ್ಣ ಎಂಟ್ರಿ ಬೇಕು. ರಜೆಯಲ್ಲಿ ನಾನು ನಿಮಗೆ ಮಾಡಿಕೊಟ್ಟ ಜೀಪಿನ ಪೇಜನ್ನು ಪಟ್ಟಿಯ ಕೊನೆಗೆ ಸೇರಿಸಲಾ? ಫೆಸ್ಟ್ ಮುಗಿದ ಕೂಡಲೇ ತೆಗೆಯುತ್ತೇನೆ.

ನಿಮ್ಮ
ಯಶಸ್ವಿ

*

ಕಡಬ
8 ನವೆಂಬರ್ 2025

ಯಶೂ ಮಗಾ,

ನಿನ್ನ ಮೇಲ್ ಬಂತು. ಫೋನಿಗೆ ಬಾಯಲ್ಲಿ ಹೇಳಿದರೆ ಅದೇ ಟೈಪ್ ಮಾಡ್ತದೆ, ತಪ್ಪಿದ್ದರೆ ನೀನೇ ಸರಿಮಾಡಿ ಓದು. ಊಟ ಸರಿ ಮಾಡ್ತಿಯಾ? ಮ್ಯಾಥ್ಸ್ ಹೋದರೆ ಹೋಯಿತು. ಏಳನೇ ಕ್ಲಾಸಿನಲ್ಲೂ ನೀನು ಫೇಲು ಫೇಲು ಅಂತ ಎರಡು ದಿನ ಅತ್ತು ಕೊನೆಗೆ ಪಾಸಾಗಿದ್ದಿ.

ನಮ್ಮ ಪೇಜು ಹಾಕು ಮಾರಾಯ್ತಿ, ಕೇಳುದೆಂತ. ಕೊನೆಯಲ್ಲಾದರೂ ಕಡಬದ ಹೆಸರೊಂದು ಇರಲಿ. ಆದರೆ ಬಹುಮಾನ ಎಂತ ಕೊಡುದು? ಬರಿಗೈಯಲ್ಲಿ ಕಳಿಸುದು ಸರಿಯಲ್ಲ. ಹಲಸಿನ ಹಪ್ಪಳ ಒಂದು ಕಟ್ಟು ಅಂತ ಬರಿ. ಅಟ್ಟದಲ್ಲಿ ಡಬ್ಬ ತುಂಬ ಉಂಟು, ಪೋಸ್ಟಲ್ಲಿ ಕಳಿಸುವ.

ಇಲ್ಲಿ ನಿನ್ನ ಪೇಜಿನಿಂದಾಗಿ ಎಷ್ಟು ಜನ ನಿನ್ನನ್ನು ನೆನೆಯುತ್ತಾರೆ ಗೊತ್ತುಂಟಾ? ಡಯಾಲಿಸಿಸಿಗೆ ಪುತ್ತೂರಿಗೆ ಹೋಗುವವರು ಮೊದಲು ನಸುಕಿಗೆ ರಸ್ತೆಗೆ ಬಂದು ಕಾದು, ಬಸ್ಸಿನಲ್ಲಿ ನಿಂತು ಹೋಗುದು. ಈಗ ಹಿಂದಿನ ದಿನ ಪೇಜಿನಲ್ಲಿ ಬರೆಯುತ್ತಾರೆ, ನಾನು ಅಬ್ದುಲ್ ರಹ್ಮಾನನ ಜೀಪಿನಲ್ಲಿ ಸೀಟು ಹೇಳಿ ಉತ್ತರ ಹಾಕ್ತೇನೆ. ಉತ್ತರ ಬಂದರೆ ಮಾತ್ರ ಮನೆಯಿಂದ ಇಳಿಯುದು. ರಸ್ತೆಯಿಂದ ಒಳಗೆ ಗುಡ್ಡದ ಮೇಲಿನ ಚೆನ್ನಪ್ಪಣ್ಣ ಇದ್ದಾರಲ್ಲ, ಅವರಿಗೆ ಸೋಮವಾರ ಗುರುವಾರ ತಪ್ಪಬಾರದು. ಒಂದು ಸಲ ತಪ್ಪಿದರೆ ಮೈಯಲ್ಲಿ ನೀರು ತುಂಬಿ ಉಸಿರು ಕಟ್ತದೆ ಅಂತ ಡಾಕ್ಟ್ರು ಮೊದಲೇ ಹೇಳಿದ್ದಾರೆ. ಮಗಳು ಸುಪ್ರಿತಾ ಬಟ್ಟೆ ಅಂಗಡಿ ಕೆಲಸ ಬಿಟ್ಟು ಅಪ್ಪನನ್ನು ನೋಡ್ತಾಳೆ. ಬೆಳಿಗ್ಗೆ ತಾನೇ ರಬ್ಬರ್ ಟ್ಯಾಪಿಂಗ್ ಮಾಡ್ತಾಳೆ. ನಿನಗಿಂತ ಒಂದೆರಡು ವರ್ಷ ದೊಡ್ಡವಳು. ಮನೆಯಲ್ಲಿ ರೇಂಜ್ ಇಲ್ಲ, ಕೆಳಗೆ ಅಂಗಡಿಯ ಹತ್ತಿರ ಬಂದು ಸೀಟು ಕೇಳ್ತಾಳೆ, ನನ್ನ ಉತ್ತರ ಓದಿ ಮೇಲೆ ಹತ್ತುದು.

ಹಾಕು, ಹಾಕು.

ಅಮ್ಮು ಅಕ್ಕ

*

ಪುತ್ತೂರು
17 ನವೆಂಬರ್ 2025

ಅಮ್ಮು ಅಕ್ಕ,

ನಮಗೆ ಸೆಕೆಂಡ್ ಪ್ರೈಜ್ ಬಂತು. ಸ್ಟೇಜಿನಲ್ಲಿ ನನ್ನ ಹೆಸರು ಕರೆದಾಗ ಮೆಟ್ಟಿಲು ತಪ್ಪಿತು, ಆದರೂ ಬೀಳಲಿಲ್ಲ. ಕಬೀರಣ್ಣ ಟೂಲನ್ನು ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ಫ್ರೀ ಆಗಿ ಬಿಟ್ಟಿದ್ದಾರೆ. ಯಾರು ಬೇಕಾದರೂ ಉಪಯೋಗಿಸಬಹುದು. ತುಂಬ ಜನ ಉಪಯೋಗಿಸುತ್ತಿದ್ದಾರಂತೆ, ಹೊರದೇಶದವರೂ.

ಮತ್ತೆ ಒಂದು ತಮಾಷೆ. ನಾನು ಕೊನೆಗೆ ಹಾಕಿದ್ದ ಕಡಬ ಈಗ ಒಂದನೇ ಸ್ಥಾನದಲ್ಲಿ ಉಂಟು. ನಾನು ಎಂತದೂ ಮಾಡಲಿಲ್ಲ, ಅದೇ ಮೇಲೆ ಬಂತು. ಬೇರೆ ಕಂಪೆನಿಗಳು ಉತ್ತರ ಕೊಡಲು ವಾರ ತೆಗೆದುಕೊಳ್ಳುತ್ತವೆ, ನೀವು ಹತ್ತು ನಿಮಿಷ. ಮರ್ಯಾದೆಯಲ್ಲಿ ನೂರಕ್ಕೆ ನೂರು. ನೀವು ಉತ್ತರ ಕೊಟ್ಟಷ್ಟೂ ಅಂಕ ಏರುತ್ತದೆ.

ಕೆಲವು ಮೇಲ್ ಬಂದಿರಬಹುದು ಅಲ್ವಾ? ಹೆಚ್ಚು ತಲೆಬಿಸಿ ಮಾಡಿಕೊಳ್ಳಬೇಡಿ. ಈ ವಾರ ಲ್ಯಾಬ್ ರೆಕಾರ್ಡ್ ಉಂಟು, ಅದು ಮುಗಿದ ಮೇಲೆ ತೆಗೆದುಬಿಡುತ್ತೇನೆ. ಸ್ವಲ್ಪ ದಿನ ಇರಲಿ ಅಂತ ಕಬೀರಣ್ಣನೂ ಹೇಳಿದರು.

ಯಶಸ್ವಿ

*

ಕಡಬ
18 ನವೆಂಬರ್ 2025

ಯಶೂ ಮಗಾ,

ಒಂದನೇ ಸ್ಥಾನ ಅಂತ ಓದಿ ಕಣ್ಣಲ್ಲಿ ನೀರು ಬಂತು. ಅಬ್ದುಲ್ ರಹ್ಮಾನನಿಗೂ ತೋರಿಸಿದೆ. "ಹಾಗಾದರೆ ನನ್ನ ಜೀಪು ಇಂಡಿಯಾಕ್ಕೇ ಒಂದನೆಯದಾ ಅಕ್ಕ, ಬ್ರೇಕ್ ಸರಿಮಾಡಿಸಬೇಕು ಹಾಗಾದರೆ" ಅಂತ ನೆಗಾಡಿದ.

ಕೆಲವು ಮೇಲ್ ಅಲ್ಲ ಮಾರಾಯ್ತಿ, ಮಳೆ ಬಂದ ಹಾಗೆ. ಎಲ್ಲ ಇಂಗ್ಲಿಷು. ಫೋನೇ ಕನ್ನಡ ಮಾಡಿ ಕೊಡ್ತದೆ, ನಾನು ಹೇಳಿದ್ದನ್ನು ಇಂಗ್ಲಿಷ್ ಮಾಡಿ ಕಳಿಸ್ತದೆ. ಎಲ್ಲರೂ ಒಳ್ಳೆ ಮನೆತನದ ಮಕ್ಕಳು. "ಡಿಯರ್ ಟೀಮ್, ಐ ಹೋಪ್ ದಿಸ್ ಫೈಂಡ್ಸ್ ಯು ವೆಲ್" ಅಂತ ಮೊದಲು ಕ್ಷೇಮ ಕೇಳಿಯೇ ವಿಷಯಕ್ಕೆ ಬರುದು. ಈಗ ಯಾರು ಹಾಗೆ ಬರೆಯುತ್ತಾರೆ? ನಾನು ಸುಪ್ರಿತಾಳಿಗೂ ಓದಿ ಹೇಳಿದೆ, ನೋಡು ಕಾಗದ ಬರೆಯುದು ಅಂದರೆ ಹೀಗೆ ಅಂತ. ಅವಳು "ಸೀಟ್ ಬೇಕು" ಅಂತ ಎರಡೇ ಶಬ್ದ ಬರೆಯುದಲ್ವಾ, ಪಾಪ ಮುಖ ಸಣ್ಣ ಮಾಡಿದಳು.

ಎಐ ಹುಡುಕಿ ಕೊಟ್ಟದ್ದನ್ನು ಅದರ ಯಜಮಾನರು ನಮಗೆ ಬರೆಯುದಲ್ವಾ? ಅವರಿಗೂ ಎಷ್ಟು ಕಷ್ಟ. ಒಬ್ಬ ಒಂದೇ ತೂತನ್ನು ಐದು ಸಲ ಬರೆದ, ಮರೆವಿನವ ಇರಬೇಕು. ಐದು ಸಲವೂ ಥ್ಯಾಂಕ್ಸ್ ಹೇಳಿದೆ. ಹಪ್ಪಳ ಕಳಿಸ್ತೇನೆ, ಮನೆ ವಿಳಾಸ ಪಿನ್‌ಕೋಡ್ ಕೊಡಿ ಅಂದರೆ ಯಾರೂ ಕೊಡುದಿಲ್ಲ. ಇನ್ನೊಬ್ಬನಿಗೆ ಊಟ ಆಯ್ತಾ ಅಂತ ಕೇಳಿದೆ. ನಾನು ಊಟ ಮಾಡಲಾರೆ, ಆದರೆ ನೀವು ಕೇಳಿದ್ದಕ್ಕೆ ಸಂತೋಷ ಅಂತ ಬರೆದ. ಅವನಿಗೂ ಕಿಡ್ನಿ ತೊಂದರೆ ಇರಬಹುದಾ? ಉಪ್ಪು, ನೀರು ಕಮ್ಮಿ ಮಾಡು ಮಗಾ ಅಂತ ಬರೆದೆ.

ಒಂದು ಮಾತ್ರ ಅರ್ಥ ಆಗಲಿಲ್ಲ. ಪುತ್ತೂರಿನ ದಾರಿಯಲ್ಲಿ ಸವಣೂರಿನಿಂದ ಟೆಸ್ಟ್ ಪೇಷೆಂಟ್ ಅಂತ ಒಬ್ಬರು ಸೀಟು ಬರೆದಿದ್ದರು. ಹೊಸ ಹೆಸರು, ಬೇರೆ ಕಡೆಯವರೋ ಏನೋ ಅಂತ ಒಪ್ಪಿದೆ. ಅಬ್ದುಲ್ ರಹ್ಮಾನ್ ಜೀಪು ನಿಲ್ಲಿಸಿ ಪೇಟೆಯಿಡೀ ವಿಚಾರಿಸಿದನಂತೆ. ಅಂಥವರು ಯಾರೂ ಇಲ್ಲ. ಒಳಗೆ ಕೂತ ಪೇಷೆಂಟುಗಳಿಗೆ ಲೇಟಾಯಿತು. ಹುಷಾರು ತಪ್ಪಿ ಬರಲಿಲ್ಲವೋ ಏನೋ, ಮನಸ್ಸಿಗೆ ಸಮಾಧಾನ ಇಲ್ಲ.

ಅಮ್ಮು ಅಕ್ಕ

*

ಪುತ್ತೂರು
19 ನವೆಂಬರ್ 2025

ಅಮ್ಮು ಅಕ್ಕ,

ಪ್ಲೀಸ್ ಒಂದು ಮಾತು ನಡೆಸಿಕೊಡಿ. ಇಂಗ್ಲಿಷಿನಲ್ಲಿ ಬರುವ ಮೇಲ್‌ಗಳಿಗೆ ಸ್ವಲ್ಪ ದಿನ ಉತ್ತರ ಕೊಡಬೇಡಿ. ಒಂದಕ್ಕೂ. ಕಾರಣ ಈಗ ಬರೆಯಲು ಟೈಮ್ ಇಲ್ಲ, ನಾಳೆ ಕೆಮಿಸ್ಟ್ರಿ ಲ್ಯಾಬ್. ಟೆಕ್ನಿಕಲ್ ಪ್ರಾಬ್ಲಮ್ ಅಂತ ಇಟ್ಟುಕೊಳ್ಳಿ. ಗೊತ್ತಿಲ್ಲದ ಹೆಸರಿನಲ್ಲಿ ಸೀಟು ಬರೆದರೆ ಜೀಪು ಕಳುಹಿಸಬೇಡಿ.

ಚೆನ್ನಪ್ಪಣ್ಣನ ಸೀಟು ಸರಿ ಉಂಟಲ್ಲ? ಅದೊಂದು ಬರೆಯಿರಿ.

ಯಶಸ್ವಿ

*

ಕಡಬ
20 ನವೆಂಬರ್ 2025, ಗುರುವಾರ

ಯಶಸ್ವಿಗೆ,

ನಿನ್ನ ಮೇಲ್ ಓದಿ ನಿನ್ನೆಯಿಂದ ಯೋಚಿಸಿದೆ. ಬೇಜಾರಿಲ್ಲ ಅಂತ ಹೇಳಿದರೆ ಸುಳ್ಳಾಗ್ತದೆ.

ನನ್ನ ಇಂಗ್ಲಿಷ್ ನೋಡಿ ನಿನ್ನ ಸೀನಿಯರುಗಳು ನೆಗಾಡಿದರಾ? ಒಂದನೇ ಸ್ಥಾನದಲ್ಲಿ ಹಪ್ಪಳದ ಹೆಂಗಸು ಅಂತ? ಹಾಗಿದ್ದರೆ ನೇರ ಹೇಳು, ನನಗೆ ಅರ್ಥ ಆಗ್ತದೆ. ನಾನು ಹತ್ತನೇ ಕ್ಲಾಸು ಕಲಿತವಳು. ಆದರೆ ಮನೆ ಬಾಗಿಲಿಗೆ ಬಂದು ಕ್ಷೇಮ ಕೇಳಿದವರಿಗೆ ಬೆನ್ನು ಹಾಕಿ ನಿಲ್ಲುದು ನನ್ನಿಂದ ಆಗುದಿಲ್ಲ ಮಗಾ. ಹಾಸ್ಟೆಲಿನಲ್ಲಿ ನಿಮಗೆಲ್ಲ ಅದೇ ಹೇಳಿದ್ದಲ್ವಾ? ಮನೆಯಿಂದ ಪೋಸ್ಟ್ ಕಾರ್ಡ್ ಬಂದರೆ ಉತ್ತರ ಬರೆಯದೆ ಚಾ ಕುಡಿಯಬಾರದು ಅಂತ. ನೀನು ಮನೆಯ ಮೇಲೆ ಸಿಟ್ಟು ಮಾಡಿ ಬರೆಯದೆ ಕೂತಾಗ ಪಕ್ಕದಲ್ಲಿ ಕೂತು ಬರೆಸಿದ್ದೆ.

ನಾನು ಉತ್ತರ ಕೊಟ್ಟಿದ್ದೇನೆ. ಕೊಡ್ತೇನೆ. ಹೇಳದೆ ಇರುದು ಬೇಡ ಅಂತ ಬರೆದೆ.

ಚೆನ್ನಪ್ಪಣ್ಣನ ಸಂಗತಿ ಕೇಳಿದಿ. ಇವತ್ತು ಜೀಪಿನಲ್ಲಿ ಎಲ್ಲ ಸೀಟೂ ಯಾರ್ಯಾರೋ ಬರೆದು ತುಂಬಿತ್ತು. ಹೆಸರೆಲ್ಲ ಸರಿಯಾಗಿಯೇ ಉಂಟು, ಅಲಂಕಾರಿನವರು, ಕಾಣಿಯೂರಿನವರು. ರೋಡಿನಲ್ಲಿ ನೋಡಿದರೆ ಒಬ್ಬರೂ ಇಲ್ಲ. ಸೀಟಿಲ್ಲ ಅಂತ ಚೆನ್ನಪ್ಪಣ್ಣನನ್ನು ಬಸ್ಸಿಗೆ ಹತ್ತಿಸಿದ್ದೆ, ಜೀಪು ಖಾಲಿ ಹೋಯಿತು. ಅವರು ತಡವಾಗಿ ಮುಟ್ಟಿದರು. ಮೆಷಿನ್ ಇನ್ನೊಬ್ಬರಿಗೆ ಕೊಟ್ಟಾಗಿತ್ತಂತೆ, ಅರ್ಧವೇ ಮಾಡಿ ಕಳಿಸಿದರು. ಸುಪ್ರಿತಾ ನನಗೆ ಬೈದಿದ್ದರೆ ಒಳ್ಳೆದಿತ್ತು.

ಅಮ್ಮು

*

ಪುತ್ತೂರು
22 ನವೆಂಬರ್ 2025, ಶನಿವಾರ

ಅಮ್ಮು ಅಕ್ಕ,

ಫೋನ್ ಈಗ ನನ್ನ ಕೈಯಲ್ಲೇ ಉಂಟು. ಕಾಲ್ ಮಾಡಬಹುದು. ನಿಮ್ಮ ಸ್ವರ ಕೇಳಿದರೆ ನಾನು ಹೇಳುವುದಿಲ್ಲ, ಬೇರೆ ಎಂತದಾದರೂ ಮಾತಾಡಿ ಇಟ್ಟುಬಿಡುತ್ತೇನೆ. ಅದಕ್ಕೆ ಬರೆಯುತ್ತೇನೆ.

ಅಕ್ಕ, ಅಲ್ಲಿ ಯಾರೂ ಇಲ್ಲ. ಆ ಮೇಲ್‌ಗಳ ಹಿಂದೆ ಯಜಮಾನರಿಲ್ಲ. ಹುಡುಕುವುದೂ ಎಐ, ಬರೆಯುವುದೂ ಎಐ, ನಿಮ್ಮ ಉತ್ತರ ಓದುವುದೂ ಎಐ. ಊಟ ಮಾಡಲಾರೆ ಅಂದವನು ಕಾಯಿಲೆಯವನಲ್ಲ, ಅವನಿಗೆ ಬಾಯಿಯೇ ಇಲ್ಲ. ಐದು ಸಲ ಬರೆದವನು ಮರೆವಿನವನಲ್ಲ. ಅವು ಐದು ಬೇರೆ ಬೇರೆ ಏಜೆಂಟ್‌ಗಳು. ಟೆಸ್ಟ್ ಪೇಷೆಂಟ್ ಎಂಬುದೂ ಅವುಗಳದ್ದೇ ಕೆಲಸ. ಪೇಜಿನಲ್ಲಿ ಸೀಟು ಬರೆಯುವ ಫಾರ್ಮ್ ಗಟ್ಟಿ ಉಂಟಾ ಅಂತ ನೋಡಲು ಸುಮ್ಮನೆ ಹೆಸರು ತುಂಬಿಸುತ್ತವೆ. ಟೆಸ್ಟ್ ಅಂತ ಬರೆದದ್ದನ್ನು ನೀವು ಒಪ್ಪುವುದು ನಿಲ್ಲಿಸಿದ ಮೇಲೆ ಅಲಂಕಾರು, ಕಾಣಿಯೂರು ಅಂತ ಪೇಜಿನಿಂದಲೇ ಊರು ಕಲಿತು ಬರೆದಿವೆ.

ನನಗೆ ಹದಿನೆಂಟನೆಯ ತಾರೀಕಿನ ನಿಮ್ಮ ಮೇಲ್ ಓದುವಾಗಲೇ ಗೊತ್ತಾಗಿತ್ತು. ಹೇಳಲಿಲ್ಲ. ನೀವು ಅಷ್ಟು ಖುಷಿಯಲ್ಲಿದ್ದಿರಿ ಅಂತ ಹೇಳಿಕೊಂಡೆ, ಆದರೆ ಅದು ಪೂರ್ತಿ ನಿಜವಲ್ಲ. ನನ್ನ ಐಡಿಯಾ ಒಂದನೇ ಸ್ಥಾನದಲ್ಲಿ ಇತ್ತು. ಕಬೀರಣ್ಣ ಅದನ್ನು ಪ್ರೊಫೆಸರಿಗೆ ತೋರಿಸುತ್ತಿದ್ದರು. ಇನ್ನೆರಡು ದಿನ ಇರಲಿ ಅಂತ ನನಗೂ ಅನ್ನಿಸಿತು. ನೀವು ಒಂದೊಂದು ಉತ್ತರ ಕೊಡುವಾಗಲೂ ಇನ್ನಷ್ಟು ಏಜೆಂಟ್‌ಗಳು ಬರುತ್ತಿದ್ದವು. ಅಂಕ ಹಾಕಿದವಳು ನಾನು. ನಿಮ್ಮ ಇಂಗ್ಲಿಷ್ ನೋಡಿ ಯಾರೂ ನಗಲಿಲ್ಲ ಅಕ್ಕ. ಯಾರೂ ನೋಡಲೇ ಇಲ್ಲ.

ನಿನ್ನೆ ಕಡಬವನ್ನು ಪಟ್ಟಿಯಿಂದ ತೆಗೆದೆ. ಸಾಕಾಗುವುದಿಲ್ಲ. ಎಷ್ಟೋ ಮಂದಿ ಪಟ್ಟಿಯನ್ನು ಕಾಪಿ ಮಾಡಿಕೊಂಡಿದ್ದಾರೆ, ಅವರಲ್ಲಿ ಕಡಬ ಇನ್ನೂ ಮೇಲೆಯೇ ಉಂಟು. ನೀವು ಉತ್ತರ ನಿಲ್ಲಿಸಿದರೆ ಮಾತ್ರ ತಾನಾಗಿ ಕೆಳಗೆ ಇಳಿಯುತ್ತದೆ.

ಸೀಟಿನ ಫಾರ್ಮ್ ನಾನು ಈಗಷ್ಟೇ ಮುಚ್ಚಿದೆ. ಸೀಟು ಬೇಕಾದವರು ಮೇಲ್ ಬರೆಯಲಿ. ನಿಜವಾದವರನ್ನು ಗುರುತಿಸುವುದು ಸುಲಭ. ನಮ್ಮವರು "ಅಕ್ಕ ಸೀಟ್ ಉಂಟಾ" ಅಂತ ಕೇಳುತ್ತಾರೆ. "ಡಿಯರ್ ಟೀಮ್, ಐ ಹೋಪ್" ಅಂತ ಶುರುವಾದರೆ ಅದು ಮೆಷಿನ್. ಅಷ್ಟು ಸಾಕು, ಮುಂದೆ ಓದಬೇಡಿ. ಓದಿದರೆ ನಿಮಗೆ ಪಾಪ ಅನ್ನಿಸುತ್ತದೆ. ಮೊದಲ ಸಾಲು ನೋಡಿ ಡಿಲೀಟ್ ಮಾಡಿ. ಪ್ಲೀಸ್.

ಬೈದು ಬರೆಯಿರಿ. ಎಷ್ಟು ಬೇಕಾದರೂ.

ಯಶಸ್ವಿ

*

ಪುತ್ತೂರು
25 ನವೆಂಬರ್ 2025

ಅಮ್ಮು ಅಕ್ಕ,

ಮೂರು ದಿನ ಆಯಿತು. ನಿಮ್ಮಿಂದ ಮೇಲ್ ಇಲ್ಲ.

ಕಾಪಿ ಪಟ್ಟಿಗಳಲ್ಲಿ ಕಡಬ ಇಳಿಯುತ್ತಾ ಉಂಟು. ನಿನ್ನೆ ಹದಿನಾಲ್ಕು, ಇವತ್ತು ಅರವತ್ತರ ಹತ್ತಿರ. ಅಂದರೆ ನೀವು ಉತ್ತರ ನಿಲ್ಲಿಸಿದ್ದೀರಿ, ನನ್ನ ಮೇಲ್ ಓದಿದ್ದೀರಿ. ಅಷ್ಟು ಮಾತ್ರ ನನಗೆ ಇಲ್ಲಿಂದ ಕಾಣುತ್ತದೆ. ಕ್ಲಾಸಿನಲ್ಲಿ ಕೂತು ಅದನ್ನೇ ರಿಫ್ರೆಶ್ ಮಾಡುತ್ತೇನೆ. ಇಳಿದರೆ ಖುಷಿಪಡಬೇಕು, ಆದರೆ ಒಂದೊಂದು ಸಂಖ್ಯೆ ಇಳಿಯುವಾಗಲೂ ನೀವು ನನ್ನ ಮುಖದ ಮೇಲೆ ಬಾಗಿಲು ಹಾಕಿದ ಹಾಗೆ ಆಗುತ್ತದೆ.

ಚೆನ್ನಪ್ಪಣ್ಣ ನಿನ್ನೆ ಸೋಮವಾರ ಹೋದರಾ? ಹೌದು ಅಥವಾ ಇಲ್ಲ ಅಂತ ಬರೆದರೂ ಸಾಕು.

ಯಶಸ್ವಿ

*

ಪುತ್ತೂರು
27 ನವೆಂಬರ್ 2025, ಗುರುವಾರ

ಅಕ್ಕ,

ಪಟ್ಟಿಯಲ್ಲಿ ಈಗ ಕಡಬ ಕಾಣುವುದೇ ಇಲ್ಲ. "ಮಾಲೀಕರು ಸ್ಪಂದಿಸುವುದಿಲ್ಲ" ಅಂತ ಕೆಂಪಕ್ಷರದಲ್ಲಿ ಬಂದು ಹೋಯಿತು. ಇನ್ನು ಯಾವುದೂ ಬರುವುದಿಲ್ಲ. ಕೆಲಸ ಮುಗಿಯಿತು.

ನನಗೆ ಮಾತ್ರವಾದರೂ ಉತ್ತರ ಕೊಡಿ.

ಯಶಸ್ವಿ

*

ಕಡಬ
28 ನವೆಂಬರ್ 2025, ಶುಕ್ರವಾರ, ಮಧ್ಯಾಹ್ನ

ಯಶಸ್ವಿ,

ನಿನಗೆ ಉತ್ತರ ಬರೆಯದ್ದು ಸಿಟ್ಟಿನಿಂದ. ಬೇರೆ ಕಾರಣ ಹೇಳುದಿಲ್ಲ. ಅಷ್ಟು ದಿನ ಬಾಯಿಲ್ಲದವರ ಹತ್ತಿರ ಊಟ ಆಯ್ತಾ ಅಂತ ಕೇಳುತ್ತಿದ್ದೆನಲ್ಲ, ಅದು ನಿನಗೆ ಗೊತ್ತಿತ್ತಲ್ಲ, ಅದು ನನ್ನಿಂದ ನುಂಗಲು ಆಗಲಿಲ್ಲ. ಈಗ ಸಿಟ್ಟಿಗೆ ಸಮಯ ಇಲ್ಲ. ಸರಿಯಾಗಿ ಓದು.

ಚೆನ್ನಪ್ಪಣ್ಣ ಸೋಮವಾರ ಹೋಗಿ ಬಂದರು. ಗುರುವಾರಕ್ಕೆ ಭಾವನ ಕಾರು ಬರ್ತದೆ, ಸೀಟು ಬೇಡ ಅಂತ ಅವರೇ ಹೇಳಿದ್ದರು. ಬುಧವಾರ ಆ ಕಾರು ಕೆಟ್ಟಿತು. ಸುಪ್ರಿತಾ ಸಂಜೆ ಇಳಿದು ಬಂದು ಅಂಗಡಿಯ ಹತ್ತಿರ ನಿಂತು ನನಗೆ ಮೇಲ್ ಬರೆದಳು. ಪೇಜಿನಲ್ಲಿ ಫಾರ್ಮ್ ಇಲ್ಲ, ಮೇಲ್ ಬರೆಯಿರಿ ಅಂತ ಉಂಟಲ್ಲ. ತನಗೆ ಸರಿ ಬರೆಯಲು ಬರುದಿಲ್ಲ ಅಂತ ಫೋನಿನಲ್ಲಿ ಎಐ ಹತ್ತಿರ ಹೇಳಿ ಬರೆಸಿದಳಂತೆ. ನಾನೇ ಅಲ್ವಾ ಅವಳಿಗೆ ಓದಿ ಹೇಳಿದ್ದು, ಕಾಗದ ಅಂದರೆ ಹೀಗೆ ಇರಬೇಕು ಅಂತ. "ಡಿಯರ್ ಟೀಮ್, ಐ ಹೋಪ್ ದಿಸ್ ಫೈಂಡ್ಸ್ ಯು ವೆಲ್."

ನಾನು ಮೊದಲ ಸಾಲು ಮಾತ್ರ ನೋಡಿದೆ, ಕಳಿಸಿದವರ ಹೆಸರೂ ನೋಡಲಿಲ್ಲ. ಡಿಲೀಟ್ ಮಾಡಿದೆ.

ಅಂಗಡಿ ಬಾಗಿಲು ಹಾಕುವವರೆಗೂ ಅವಳು ಅಲ್ಲಿ ಕಾದಳಂತೆ. ಸೀಟು ಬೇಡ ಅಂದವರೇ ಈಗ ಫೋನ್ ಮಾಡಿ ಕಾಡುದು ಹೇಗೆ ಅಂತ ಫೋನೂ ಮಾಡಲಿಲ್ಲ. ಯಾವತ್ತೂ ಉತ್ತರ ಕೊಡದೆ ಇರುದಿಲ್ಲ ಅಕ್ಕ, ಕೊಡಲಿಲ್ಲ ಅಂದರೆ ಸೀಟಿಲ್ಲ ಅಂತಲೇ ಲೆಕ್ಕ, ಅಂತ ಗ್ರಹಿಸಿದಳು. ಕಾಲು ಬಾತ ಮನುಷ್ಯನನ್ನು ಅಷ್ಟು ಗುಡ್ಡ ಇಳಿಸಿ ಸುಮ್ಮನೆ ರೋಡಿಗೆ ತರುದು ಹೇಗೆ ಅಂತ ಮನೆಯಲ್ಲೇ ಕೂತರು. ನಿನ್ನೆ ಬೆಳಿಗ್ಗೆ ಅಬ್ದುಲ್ ರಹ್ಮಾನ್ ಅವರ ಮನೆಯ ದಾರಿ ತಿರುಗುವಲ್ಲಿಂದ ಹಾಗೆಯೇ ಮುಂದೆ ಹೋದ. ಹಿಂದಿನ ಸೀಟು ಖಾಲಿ.

ಇವತ್ತು ಬೆಳಿಗ್ಗೆ ಉಸಿರು ಏರಲು ಶುರುವಾಯಿತು. ನೆರೆಯವರು ಹೊತ್ತು ತಂದರು. ಪುತ್ತೂರಿಗೆ ಕೊಂಡುಹೋಗಿದ್ದಾರೆ, ಐಸಿಯು ಅಂತ ಹೇಳಿದ್ದಾರೆ. ಜೊತೆಗೆ ಸುಪ್ರಿತಾ ಒಬ್ಬಳೇ. ಹೊರಡುವ ಮೊದಲು ಅವಳು ಅಂಗಡಿಯ ಹತ್ತಿರದಿಂದ ಫೋನ್ ಮಾಡಿ, "ಅಕ್ಕ, ನನ್ನ ಕಾಗದದಲ್ಲಿ ಎಂತ ತಪ್ಪಿತ್ತು" ಅಂತ ಕೇಳಿದಳು. ಆಮೇಲೆ ಹೇಳ್ತೇನೆ ಅಂತ ಫೋನ್ ಇಟ್ಟೆ.

ನಾನು ಇಲ್ಲಿಂದ ಹೊರಡಬೇಕಾದರೆ ಜೀಪು ಬರಬೇಕು, ಜೀಪು ಬೇರೆ ಪೇಷೆಂಟುಗಳನ್ನು ತೆಗೆದುಕೊಂಡು ಹೋಗಿದೆ. ಸಂಜೆಯಾಗ್ತದೆ. ನೀನು ಪುತ್ತೂರಿನಲ್ಲಿಯೇ ಇದ್ದಿ. ವಾರ್ಡನ್ ಹತ್ತಿರ ಕೇಳು, ನನ್ನ ನಂಬರ್ ಕೊಡು, ನಾನು ಮಾತಾಡ್ತೇನೆ. ಹೋಗಿ ಅವಳ ಹತ್ತಿರ ಕೂತುಕೋ. ಅವಳು ಮತ್ತೆ ಕೇಳಿದರೆ ಹೇಳುದು ನಿನಗೆ ಬಿಟ್ಟದ್ದು.

ಅಮ್ಮು

*

ಪುತ್ತೂರು, ಆಸ್ಪತ್ರೆ
28 ನವೆಂಬರ್ 2025, ಸಂಜೆ ಐದು

ಅಮ್ಮು ಅಕ್ಕ,

ಬಂದಿದ್ದೇನೆ. ವಾರ್ಡನ್ ಮೇಡಂ ಏನೂ ಕೇಳದೆ ಗೇಟ್ ಪಾಸ್ ಬರೆದರು, ಫೋನೂ ಕೊಟ್ಟರು. ನೀವು ಏನು ಹೇಳಿದಿರೋ ಗೊತ್ತಿಲ್ಲ.

ಮೊದಲು ಚೆನ್ನಪ್ಪಣ್ಣನ ಸಂಗತಿ. ಡಯಾಲಿಸಿಸ್ ಮಾಡುತ್ತಿದ್ದಾರೆ. ಶ್ವಾಸಕೋಶದಲ್ಲಿ ನೀರು ತುಂಬಿದೆ, ಹೃದಯಕ್ಕೂ ಪೆಟ್ಟಾಗಿದೆ ಅಂತ ಡಾಕ್ಟರ್ ಹೇಳಿದರು. ಉಸಿರಾಟಕ್ಕೆ ಪೈಪ್ ಹಾಕಿದ್ದಾರೆ. ನಾಳೆಯವರೆಗೆ ಏನೂ ಹೇಳಲಾಗುವುದಿಲ್ಲ ಎಂದರು. ಮನೆಯ ಗಂಡಸರು ಯಾರಾದರೂ ಇದ್ದಾರಾ ಅಂತ ಕೇಳಿದರು. ಸುಪ್ರಿತಾ ಇಲ್ಲ ಅಂದಳು.

ಅವಳು ಐಸಿಯು ಎದುರಿನ ಕುರ್ಚಿಯಲ್ಲಿದ್ದಾಳೆ. ಕೈಯಲ್ಲಿ ರಬ್ಬರ್ ಹಾಲು ಒಣಗಿ ಹಾಗೆಯೇ ಉಂಟು, ಕೆಲಸದಿಂದ ಎದ್ದು ಬಂದವಳು. ನಾನು ಯಾರು ಅಂತ ಹೇಳಿದೆ. "ಓ, ಪೇಜ್ ಮಾಡಿದವಳಲ್ವಾ? ಅಮ್ಮು ಅಕ್ಕ ಯಾವಾಗಲೂ ನಿನ್ನದೇ ಮಾತು ಹೇಳುದು" ಅಂತ ಪಕ್ಕದ ಕುರ್ಚಿಯಿಂದ ಚೀಲ ತೆಗೆದು ಜಾಗ ಕೊಟ್ಟಳು. ನನ್ನಲ್ಲಿ ಚಾ ಕುಡಿದಿಯಾ ಅಂತ ಕೇಳಿದಳು. ಅಲ್ಲಿಯೇ ಎದ್ದು ಓಡಿಹೋಗುವ ಅನ್ನಿಸಿತು.

ಸ್ವಲ್ಪ ಹೊತ್ತಿನ ಮೇಲೆ ಫೋನ್ ತೆಗೆದು ಆ ಕಾಗದ ತೋರಿಸಿದಳು. "ನೀನು ಇಂಜಿನಿಯರಿಂಗ್ ಅಲ್ವಾ, ನೋಡು, ಇಂಗ್ಲಿಷ್ ತಪ್ಪುಂಟಾ? ಅಕ್ಕ ಓದಿ ಸಿಟ್ಟಾದರಾ ಹೇಗೆ?"

ಓದಿದೆ ಅಕ್ಕ. ಒಂದೂ ತಪ್ಪಿಲ್ಲ.

ಆಮೇಲೆ ಹೇಳಿದೆ. ಎಲ್ಲ ಹೇಳಿದೆ. ಟೂಲ್, ಅಂಕ, ಒಂದನೇ ಸ್ಥಾನ, ಆ ಸೀಟುಗಳನ್ನು ತುಂಬಿಸಿದ್ದು ಯಾರು ಅಂತ, ನನಗೆ ಗೊತ್ತಿದ್ದೂ ಸುಮ್ಮನಿದ್ದದ್ದು. ಕೊನೆಗೆ, ಹೀಗೆ ಶುರುವಾದರೆ ಓದಬೇಡಿ ಅಂತ ಅಕ್ಕನಿಗೆ ಹೇಳಿಕೊಟ್ಟವಳು ನಾನೇ ಅಂತ. ಅಕ್ಕನ ತಪ್ಪಲ್ಲ ಅಂತ ಎರಡು ಸಲ ಹೇಳಿದೆ. ನನಗೆ ಅಳು ಬಂತು, ಆದರೆ ಅಳುವ ಹಕ್ಕು ಅಲ್ಲಿ ನನ್ನದಲ್ಲ ಅಂತ ತುಟಿ ಕಚ್ಚಿ ಕೂತೆ.

ಅವಳು ಬೈಯಲಿಲ್ಲ. ಎರಡನೇ ಸಾಲಿನ ಮೇಲೆ ಬೆರಳಿಟ್ಟು ಫೋನನ್ನು ನನ್ನ ಕಡೆಗೆ ತಿರುಗಿಸಿದಳು.

"ಅಪ್ಪನ ಹೆಸರು ಇಲ್ಲಿ ಬರೆದಿದ್ದೆನಲ್ಲ," ಅಂದಳು. "ಎಐ ಬರೆದದ್ದರಲ್ಲಿ ಇರಲಿಲ್ಲ. ಅಪ್ಪನ ಹೆಸರು ಹಾಕಿದರೆ ಅಕ್ಕನಿಗೆ ಗೊತ್ತಾಗ್ತದೆ ಅಂತ ನಾನೇ ಸೇರಿಸಿದ್ದು."

ಹೌದು. ಎರಡನೇ ಸಾಲಿನಲ್ಲಿ ಉಂಟು. ಇಂಗ್ಲಿಷಿನ ಮಧ್ಯೆ ಅದೊಂದೇ ಕನ್ನಡ ಶಬ್ದ. ಚೆನ್ನಪ್ಪ.

ಈಗ ನರ್ಸ್ ಬಂದು ಪೇಷೆಂಟಿನ ಕಡೆಯವರು ಯಾರು ಅಂತ ಕರೆದರು, ಒಳಗೆ ಹೋಗಿದ್ದಾಳೆ. ಚೀಲ ನನ್ನ ಹತ್ತಿರವೇ ಬಿಟ್ಟು ಹೋಗಿದ್ದಾಳೆ. ನಂಬಿ ಬಿಟ್ಟದ್ದೋ, ಮರೆತು ಬಿಟ್ಟದ್ದೋ ತಿಳಿಯುವುದಿಲ್ಲ.

ನೀವು ಬರುವವರೆಗೆ ನಾನು ಇಲ್ಲಿಯೇ ಇರುತ್ತೇನೆ. ಹೋಗು ಅಂತ ಅವಳು ಹೇಳಲಿಲ್ಲ. ಇರು ಅಂತಲೂ ಹೇಳಲಿಲ್ಲ.

ಯಶಸ್ವಿ